ಮಾವ್ಶಿಯ ಲಿನಕ್ಸ್ ವಾರ್ಡು

ಮಸ್ಕತ್ತಿನಲ್ಲಿ ಕಂಪ್ಯೂಟರಿನ ಹಣೆ ಮುಟ್ಟಿ ಜ್ವರ ನೋಡುವ ಹೆಂಗಸು ಒಬ್ಬರೇ ಇರುವುದು. ಅದೃಷ್ಟವೋ ದುರದೃಷ್ಟವೋ, ಅವರು ನನ್ನ ಮಾವ್ಶಿ! ಕಂಪ್ಯೂಟರಿಗೆ ಹಣೆ ಎಲ್ಲಿರುತ್ತದೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ಎಲ್ಲಿ ಬಿಸಿ ಉಂಟೋ ಅದೇ ಹಣೆ” ಎಂದು ಉತ್ತರ ಬಂದಿತ್ತು.

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮನ ತಂಗಿ. ಉಡುಪಿ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷದಿಂದ ಇಲ್ಲಿ ನರ್ಸು. ರೂವಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ವಾದಿ ಕಬೀರಿನಲ್ಲಿ ಟಯರು ಅಂಗಡಿಯ ಮೇಲೆ ಮನೆ, ಮನೆಯಲ್ಲಿ ಒಬ್ಬರೇ. ನನಗೆ ರೂವಿಯಲ್ಲೇ ಇನ್ಶೂರೆನ್ಸ್ ಆಫೀಸಿನ ಉದ್ಯೋಗ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ನನಗೆ ಕಂಪ್ಯೂಟರ್ ಗೊತ್ತು ಎಂದು ಇಡೀ ಕುಟುಂಬ ನಂಬಿದೆ. ದಿನವಿಡೀ ಬಸ್ಸಿನಲ್ಲಿ ಕೂತವನಿಗೆ ಬಸ್ಸಿನ ಎಂಜಿನ್ ಬಿಚ್ಚಲು ಬರುತ್ತದೆಯೇ? ಆದರೆ ಇದನ್ನು ಮಾವ್ಶಿಗೆ ಹೇಳುವ ಧೈರ್ಯ ಯಾರಿಗಿದೆ!

ಅವರ ಮನೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಬೆಳಿಗ್ಗೆ ಆನ್ ಮಾಡಿ ಸ್ನಾನ ಮುಗಿಸಿ ಬಂದರೆ ಆಗ ತಾನೇ ಕಣ್ಣು ಬಿಡುತ್ತಿರುತ್ತಿತ್ತು. ಕ್ಲಿನಿಕ್ಕಿನ ಕಂಪ್ಯೂಟರ್ ನೋಡಿಕೊಳ್ಳುವ ಮಲಯಾಳಿ ಒಬ್ಬ, “ಸಿಸ್ಟರ್, ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. ಹಳೆಯದೂ ಓಡುತ್ತದೆ, ವೈರಸ್ಸಿನ ಕಾಟವೂ ಇಲ್ಲ” ಎಂದುಬಿಟ್ಟ. ಅಷ್ಟೇ ಸಾಕಾಯಿತು. ಜೀವಮಾನವಿಡೀ ವೈರಸ್ಸುಗಳ ಜೊತೆ ಗುದ್ದಾಡಿದ ನರ್ಸಿಗೆ ವೈರಸ್ ಇಲ್ಲದ ಜಾಗ ಒಂದಿದೆ ಎಂದರೆ ಹೇಗಾಗಬೇಡ? ಅವನೇ ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟ. ಆಮೇಲೆ ಅವನು ರಜೆಗೆ ಊರಿಗೆ ಹೋದ. ಬುದ್ಧಿವಂತ!

ಶುಕ್ರವಾರ ಇಲ್ಲಿ ವಾರದ ರಜೆ. ಮಾವ್ಶಿ ಇಗರ್ಜಿಯ ಪೂಜೆ ಮುಗಿಸಿ ಬಂದವರೇ ಕೆಲಸಕ್ಕಿಳಿದರು. ಆನ್ ಮಾಡುವಾಗ ಯಾವುದೋ ಒಂದು ಕೀ ಒತ್ತಬೇಕಂತೆ. ಯಾವುದು? ಗೊತ್ತಿಲ್ಲ. ಮಾವ್ಶಿ ಹತ್ತೂ ಬೆರಳು ಹರಡಿ ಮೇಲಿನ ಸಾಲಿನ ಎಲ್ಲಾ ಕೀಗಳನ್ನೂ ಹಾರ್ಮೋನಿಯಂ ನುಡಿಸಿದ ಹಾಗೆ ಒಟ್ಟಿಗೆ ಒತ್ತಿದರು. ನಾಲ್ಕನೇ ಸಲಕ್ಕೆ ಲಿನಕ್ಸ್ ಎದ್ದಿತು! ಹೇಗೆ ಎದ್ದಿತು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ನನಗೆ ಫೋನು. ಅವರಿಗೆ ನಾನು ‘ಪುತಾ’, ಅಂದರೆ ಮಗ.

“ಪುತಾ, ಹಳೆಯದೆಲ್ಲ ಅಳಿಸಿ ಹೋಗ್ತದೆ, ಆರ್ ಯು ಶೂರ್ ಅಂತ ಕೇಳ್ತದೆ. ಎಂತ ಹೇಳ್ಲಿ?”

“ನೀವು ಶೂರ್ ಇದ್ದೀರಾ?”

“ಮೂರು ಸಲ ಕೇಳಿತು ಮಾರಾಯ! ನಿನ್ನ ಅಮ್ಮನ ಮದುವೆಯಲ್ಲಿ ಪಾದ್ರಿ ಕೂಡ ಒಂದೇ ಸಲ ಕೇಳಿದ್ದು.”

ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಆದರೆ ಮಾವ್ಶಿ ಕಂಪ್ಯೂಟರಿನ ವಿಷಯಕ್ಕೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು. ಯಾಕೆಂದು ಕೇಳಿದರೆ, “ಪ್ರಾರ್ಥನೆ ಮಾಡುವ ಭಾಷೆಯಲ್ಲಿ ಬೈಲಿಕ್ಕೆ ಆಗ್ತದಾ?” ಎಂದರು.

ಬೈಯುವ ಸಂದರ್ಭಗಳಿಗೇನೂ ಕೊರತೆಯಾಗಲಿಲ್ಲ. ಲಿನಕ್ಸ್ ಬಂದು ಕೂತಿತು, ವೈಫೈ ಹೋಯಿತು. ವೈಫೈ ನಡೆಯಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮ್ ಬೇಕು. ಡ್ರೈವರ್ ಸಿಗುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದರೆ ವೈಫೈ ಬೇಕು. ನಾನು ಇದನ್ನು ಕಾಗದದ ಮೇಲೆ ಬರೆದು ವಿವರಿಸಲು ಹೋಗಿ, ಬಾಣದ ಗುರುತು ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬಂದು, ಯಾವ ಕಡೆಯಿಂದ ಹೊರಟಿದ್ದೆ ಎಂಬುದೇ ಮರೆತುಹೋಯಿತು. ಮಾವ್ಶಿ ಕಾಗದವನ್ನು ತಿರುಗಿಸಿ ನೋಡಿದರು. “ಅಂದರೆ, ಔಷಧಿ ಬೀರುವಿನ ಕೀ ಬೀರುವಿನ ಒಳಗೇ ಉಂಟು” ಎಂದರು. ನನಗಿಂತ ಚೆನ್ನಾಗಿ ಅವರಿಗೇ ಅರ್ಥವಾಗಿತ್ತು!

ಆಮೇಲೆ ಅವರು ಫೋನಿನಲ್ಲಿ ಲಿನಕ್ಸ್ ಬಳಸುವವರ ಒಂದು ಚರ್ಚಾಕೂಟಕ್ಕೆ ಸೇರಿದರು. “ಡಿಯರ್ ಡಾಕ್ಟರ್ಸ್” ಎಂದು ಶುರು ಮಾಡಿ ಕಂಪ್ಯೂಟರಿನ ವಯಸ್ಸು, ಹಿಂದಿನ ಕಾಯಿಲೆಗಳು, ಈಗಿನ ತೊಂದರೆ ಎಲ್ಲ ಬರೆದರು. ಮರುದಿನ ಆಫೀಸಿಗೆ ಫೋನು.

“ಉತ್ತರ ಬಂತು ಪುತಾ. ದೊಡ್ಡ ಕೇಸು ಅಂತ ಕಾಣ್ತದೆ. ಬೇರೆಯವರಿಗೆ ರೆಫರ್ ಮಾಡಿದ್ದಾರೆ.”

“ಯಾರಿಗೆ?”

“ಮ್ಯಾನುವೆಲ್ ಅಂತೆ. ನಮ್ಮವರೇ ಇರಬೇಕು. ಗೋವಾದವರೋ ಏನೋ. ನಂಬರ್ ಕೊಡ್ಲಿಲ್ಲ.”

ಸಂಜೆ ಹೋಗಿ ನೋಡಿದರೆ ಅಲ್ಲಿದ್ದದ್ದು ಒಂದೇ ಸಾಲು: “ರೆಫರ್ ಟು ಮ್ಯಾನುಯಲ್.” ಮ್ಯಾನುಯಲ್ ಎಂದರೆ ಕೈಪಿಡಿ, ಮನುಷ್ಯ ಅಲ್ಲ ಎಂದು ಹೇಳಿದಾಗ ಅವರ ಮುಖ ಚಿಕ್ಕದಾಯಿತು. ಅಷ್ಟರಲ್ಲಿ ಅದೇ ಕೂಟಕ್ಕೆ “ಡಿಯರ್ ಡಾಕ್ಟರ್ ಮ್ಯಾನುವೆಲ್” ಎಂದು ಎರಡು ಪತ್ರ ಹಾಕಿಯಾಗಿತ್ತು! ಕೊನೆಗೆ ಇನ್ನೊಬ್ಬ ಪುಣ್ಯಾತ್ಮ, ಫೋನನ್ನೇ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಇಂಟರ್ನೆಟ್ ಸಿಗುತ್ತದೆ ಎಂದು ಹೇಳಿಕೊಟ್ಟ. “ಡ್ರಿಪ್ ಹಾಕಿದ ಹಾಗೆ” ಎಂದು ಮಾವ್ಶಿ ಕೇಬಲ್ ಸಿಕ್ಕಿಸಿದರು. ಡ್ರೈವರ್ ಇಳಿಯಿತು.

ಇಳಿದ ಡ್ರೈವರನ್ನು ಕೂರಿಸಬೇಕಲ್ಲ? ಅದಕ್ಕೆ ಕಪ್ಪು ಪರದೆಯಲ್ಲಿ ಸಾಲುಗಳನ್ನು ಟೈಪ್ ಮಾಡಬೇಕು.

“ಪ್ರತಿ ಸಾಲಿನ ಮೊದಲು ‘ಸುಡೋ’ ಅಂತ ಹೊಡಿಬೇಕಂತೆ ಪುತಾ. ಎಂತದನ್ನು ಸುಡುದು? ಇದನ್ನೇ ಸುಡುದಾ?”

“ಅಲ್ಲ ಮಾವ್ಶಿ, ಅದು ಅಪ್ಪಣೆ ಕೊಟ್ಟ ಹಾಗೆ” ಎಂದೆ. ನಿಜವಾಗಿ ಏನೆಂದು ನನಗೂ ಗೊತ್ತಿರಲಿಲ್ಲ.

ಸುಡೋ ಹೊಡೆದ ಮೇಲೆ ಅದು ಪಾಸ್‌ವರ್ಡ್ ಕೇಳಿತು. ಮಾವ್ಶಿ ಟೈಪ್ ಮಾಡಿದರು. ಪರದೆಯ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಮತ್ತೆ ಟೈಪ್ ಮಾಡಿದರು. ಊಹೂಂ! ಈಗ ತಾನೇ ಸುಡೋ ಹೊಡೆದ ಕೀಬೋರ್ಡ್ ಇದ್ದಕ್ಕಿದ್ದಂತೆ ಸತ್ತಿದೆ ಎಂದು ತೀರ್ಮಾನಿಸಿ ರೂವಿಗೆ ಹೋಗಿ ಹೊಸದು ತಂದರು. ಅದೂ ಪಾಸ್‌ವರ್ಡಿನ ಹತ್ತಿರ ಬಂದು ಸತ್ತಿತು. ಅಂಗಡಿಯವನೊಂದಿಗೆ ಜಗಳವಾಡಿ ಬದಲಾಯಿಸಿ ತಂದರು. ಮೂರನೆಯದೂ ಅಲ್ಲೇ ಸತ್ತಿತು! ಒಂದೇ ವಾರದಲ್ಲಿ ಒಂದೇ ಮನೆಯಲ್ಲಿ ಮೂರು ಸಾವು. ಕೊನೆಗೆ ನಾನು ಹೋಗಿ, ಅವರು ಹೇಳಿದ ಪಾಸ್‌ವರ್ಡನ್ನು ಒಂದು ಸಲ ಒತ್ತಿ, ನನಗೂ ತಲೆಬುಡ ತಿಳಿಯದೆ, ಸಿಟ್ಟಿನಲ್ಲಿ ಎಂಟರ್ ಕೀ ಮೇಲೆ ಒಂದು ಗುದ್ದಿದೆ. ಸಾಲುಗಳು ದಡದಡನೆ ಓಡತೊಡಗಿದವು! ಲಿನಕ್ಸ್ ಪಾಸ್‌ವರ್ಡನ್ನು ತೆಗೆದುಕೊಳ್ಳುತ್ತದೆ, ತೋರಿಸುವುದಿಲ್ಲ, ಅಷ್ಟೇ. ಮಾವ್ಶಿ ನನ್ನನ್ನು ಮಹಾ ಪಂಡಿತನೆಂಬಂತೆ ನೋಡಿದರು. ನಾನು ಪಂಡಿತನಂತೆಯೇ ನಿಂತೆ.

ವೈಫೈ ಬಂತು, ಹೊಸ ತೊಂದರೆ ಶುರುವಾಯಿತು. ಕಂಪ್ಯೂಟರ್ ಅರ್ಧ ಗಂಟೆ ಓಡಿ ಪಕ್ಕೆಂದು ಆರಿಹೋಗುತ್ತಿತ್ತು. ತಪ್ಪು ಲಿನಕ್ಸಿನದೇ ಎಂದು ನಾನು ಗಂಭೀರವಾಗಿ ಹೇಳಿದೆ. ನನ್ನ ಮಾತು ಕೇಳಿ ಮಾವ್ಶಿ ಎರಡು ಸಲ ಎಲ್ಲಾ ಅಳಿಸಿ ಹೊಸದಾಗಿ ಹಾಕಿದರು. ಆಗಲೂ ಆರಿತು. ಮೂರನೇ ಸಲ ನನ್ನನ್ನು ಪಕ್ಕಕ್ಕೆ ಸರಿಸಿ, ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಕಂಪ್ಯೂಟರ್ ಡಬ್ಬಿಯ ಬೆನ್ನಿಗೆ ಹಿಡಿದರು.

“ಜ್ವರ ಉಂಟು.”

ನಾನು ಹೊಟ್ಟೆ ಹಿಡಿದು ನಕ್ಕೆ. ಅವರು ನಗಲಿಲ್ಲ. ಕಂಪ್ಯೂಟರನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ, ನನ್ನ ಕಾರಿನಲ್ಲಿ ಘಾಲಾ ಕೈಗಾರಿಕಾ ಪ್ರದೇಶಕ್ಕೆ ಕರೆದುಕೊಂಡು ಹೋಗು ಎಂದರು. ಅಲ್ಲಿ ಗ್ಯಾರೇಜು ನಡೆಸುವ ಪುತ್ತೂರಿನ ಬ್ಯಾರಿ ಒಬ್ಬರು ಮಾವ್ಶಿಯ ಹಳೇ ಪೇಷೆಂಟು. ಮುಚ್ಚಳ ಬಿಚ್ಚಿದರೆ ಒಳಗೆ ಫ್ಯಾನೇ ಕಾಣಲಿಲ್ಲ, ಕಂಬಳಿಯಂಥ ಧೂಳು.

“ಇದರೊಳಗೆ ಅರ್ಧ ಒಮಾನ್ ಉಂಟಲ್ಲ ಸಿಸ್ಟರ್!” ಎಂದು ಬ್ಯಾರಿಗಳು ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿದು, ಗಾಳಿಯ ಪೈಪಿನಿಂದ ಮೆಲ್ಲಗೆ ಊದಿದರು. ಮೂವರೂ ಮೂರು ದಿಕ್ಕಿಗೆ ಸೀನಿದೆವು. “ಖಲಾಸ್, ತಕೊಂಡು ಹೋಗಿ.”

ಅವತ್ತು ಮಧ್ಯಾಹ್ನ ಕಂಪ್ಯೂಟರ್ ಅರ್ಧ ಗಂಟೆ ದಾಟಿತು, ಒಂದು ಗಂಟೆ ದಾಟಿತು, ಬಂಗುಡೆ ಸಾರಿನ ಊಟ ಮುಗಿದರೂ ಆರಲಿಲ್ಲ. ಅಷ್ಟರಲ್ಲಿ ನಾನು, ಹಿಂದಿನವುಗಳ ಹಾಗೆಯೇ, ಈ ಕಥೆಯನ್ನೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ಪ್ರತಿ ಕಂತಿಗೂ ಅಲ್ಲಿ ನಗುವೋ ನಗು! ಕೈ ತೊಳೆದುಕೊಂಡು ಬಂದು ಕೇಳಿದೆ.

“ಮಾವ್ಶಿ, ಎಲ್ಲ ಸರಿಯಾಯ್ತಲ್ಲ. ಇನ್ನು ಇದರಲ್ಲಿ ಎಂತ ಮಾಡ್ತೀರಿ?”

“ಎಂತದೂ ಇಲ್ಲ.”

ಇಷ್ಟು ದಿನದ ರಾಮಾಯಣ ಎಂತದೂ ಇಲ್ಲದ್ದಕ್ಕೆಯೇ?

ಮಾವ್ಶಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ ಹೇಳಿದರು. “ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುದೆಲ್ಲ ನಿಂತಿತು ಪುತಾ. ಎಲ್ಲ ಕಂಪ್ಯೂಟರಿಗೇ ಹಾಕ್ಬೇಕು. ನನಗೆ ಅದನ್ನು ಮುಟ್ಲಿಕ್ಕೇ ಹೆದರಿಕೆ. ಒಂದು ಮಗುವಿನ ತೂಕ ತಪ್ಪು ಹಾಕಿದೆ. ತೂಕ ನೋಡಿಯೇ ಅಲ್ವಾ ಮದ್ದು ಕೊಡುದು? ಹೊಸ ನರ್ಸು ಹುಡುಗಿ ಒಬ್ಬಳು ನೋಡಿ ಸರಿ ಮಾಡಿದಳು, ಮಗುವಿಗೆ ಎಂತ ಆಗ್ಲಿಲ್ಲ. ಯಾರೂ ಬೈಲಿಲ್ಲ. ‘ಸಿಸ್ಟರ್, ನೀವು ಬಿಡಿ, ನಾವು ಮಾಡ್ತೇವೆ’ ಅಂದರು. ಬೈದಿದ್ರೆ ಆಗ್ತಿತ್ತು.”

ಮಾವ್ಶಿ ತಟ್ಟೆಗಳನ್ನು ನಲ್ಲಿಯ ಕೆಳಗಿಟ್ಟು ತೊಳೆಯತೊಡಗಿದರು.

“ಹಾಳು ಮಾಡಿದರೂ ಯಾರಿಗೂ ನೋವಾಗದ ಒಂದು ಕಂಪ್ಯೂಟರ್ ನನಗೆ ಬೇಕಿತ್ತು. ಇದನ್ನು ಕೆಡಿಸಿ ಕೆಡಿಸಿ ಹೆದರಿಕೆ ಹೋಗಿದೆ. ಮೊನ್ನೆ ಹೋಗಿ, ನನಗೂ ಕಂಪ್ಯೂಟರಿನ ಕೆಲಸ ಕೊಡಿ ಅಂತ ಕೇಳಿದೆ. ಭಾನುವಾರದಿಂದ ಕೂರ್ಲಿಕ್ಕೆ ಹೇಳಿದ್ದಾರೆ.”

ಜೇಬಿನೊಳಗೆ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಕುಟುಂಬದವರೆಲ್ಲ ನಗುತ್ತಿದ್ದರು. ನಾನು ಅದನ್ನು ಹೊರತೆಗೆದು ಆರಿಸಿ ಮೇಜಿನ ಮೇಲೆ ಮಗುಚಿಟ್ಟೆ. ಹೇಳಲು ತೋಚಿದ್ದು, ಎರಡು ವಾರದಿಂದ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಒಂದು ಸತ್ಯ ಮಾತ್ರ.

“ಮಾವ್ಶಿ, ನನ್ನ ಲ್ಯಾಪ್‌ಟಾಪಿನಿಂದ ಪ್ರಿಂಟರಿಗೆ ಏನೂ ಹೋಗ್ತಾ ಇಲ್ಲ. ನನಗೆ ಗೊತ್ತಾಗುದಿಲ್ಲ. ನೀವು ಒಮ್ಮೆ ನೋಡ್ತೀರಾ?”

ಅವರು ತಟ್ಟೆಗಳನ್ನು ಅಲ್ಲೇ ಬಿಟ್ಟರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಕನ್ನಡಕ ಹಾಕಿಕೊಂಡು, ನನಗೊಂದು ಕುರ್ಚಿ ಎಳೆದು ಕೊಟ್ಟರು.

“ಕೂತ್ಕೋ ಪುತಾ. ಹೆದರ್ಬೇಡ. ಎಷ್ಟು ದಿನದಿಂದ?”