ಮೊದಲೇ ಹೊರಟ ಪಾಸ್‌ಪೋರ್ಟು

ಪ್ರಭಂಜನ: ಹೋಗ್ಯಾವ ಅಂದ್ರ ಎಲ್ಲಿಗೆ ಹೋಗ್ಯಾವಮ್ಮ? ಪಾಸ್‌ಪೋರ್ಟಿಗೆ ಕಾಲು ಬಂದಾವೇನು?

ಭೀಮಾಬಾಯಿ: ಕಾಲು ನನಗವ. ನಾನೇ ಹೋಗಿ ಇಟ್ಟು ಬಂದೀನಿ. ಒದರಬ್ಯಾಡ.

ಹೊಸಪೇಟೆಯ ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಬಾಯಿ ತೆರೆದ ಸೂಟ್‌ಕೇಸುಗಳು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಪ್ರಭಂಜನನಿಗೆ ಒಂದು ವರ್ಷದಿಂದ ಒಂದೇ ಧ್ಯಾನ. ನ್ಯೂಜಿಲೆಂಡಿಗೆ ಹೋಗಬೇಕು, ಅಲ್ಲಿ ಬಾಡಿಗೆಗೆ ಕಾರು ಹಿಡಿಯಬೇಕು, ತಾಯಿಯನ್ನೂ ಹೆಂಡತಿಯನ್ನೂ ಕೂಡಿಸಿಕೊಂಡು ಆ ದೇಶದ ಈ ತುದಿಯಿಂದ ಆ ತುದಿಗೆ ತಾನೇ ಓಡಿಸಬೇಕು. ನಾಳೆ ಬೆಳಗ್ಗೆ ಬೆಂಗಳೂರಿಗೆ ಹೊರಡಬೇಕು. ಈಗ ನೋಡಿದರೆ ಬೀರುವಿನಲ್ಲಿ ಮೂರು ಪಾಸ್‌ಪೋರ್ಟುಗಳೂ ಇಲ್ಲ. ತಾಯಿ ಭೀಮಾಬಾಯಿ ಏನೂ ಆಗಿಲ್ಲವೆಂಬಂತೆ ಹೂಬತ್ತಿ ಹೊಸೆಯುತ್ತಿದ್ದರು. ಹೆಂಡತಿ ಶ್ರೀಲಕ್ಷ್ಮೀ ಒಂದು ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸಲು ಹೆಣಗುತ್ತಿದ್ದಳು.

ಪ್ರಭಂಜನ: ಎಲ್ಲಿ ಇಟ್ಟು ಬಂದಿ?

ಭೀಮಾಬಾಯಿ: ತಾಯಕ್ಕನ ಮನ್ಯಾಗ. ಹೋದ ವಾರನೇ ಪ್ರಸ್ಥಾನ ಇಟ್ಟೀನಿ. ನಾಳೆ ಮಂಗಳವಾರ, ಅಮಾವಾಸಿ ಬ್ಯಾರೆ. ಟಿಕೀಟ್ ತಗೊಳ್ಳೋಮುಂದ ಒಂದು ಸಲನಾದ್ರೂ ಪಂಚಾಂಗ ತಗದು ನೋಡಿದೇನು?

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲೇ ಒಂದು ಒಳ್ಳೆಯ ದಿನ ನೋಡಿ ಪ್ರಯಾಣಿಕರ ವಸ್ತುವನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುವುದು ರೂಢಿ. ಅಂದೇ ಪ್ರಯಾಣ ಶುರುವಾದ ಲೆಕ್ಕ. ಆ ಗಂಟು ಮತ್ತೆ ಮನೆಗೆ ಬರಕೂಡದು. ಹೋಗುವಾಗ ದಾರಿಯಲ್ಲೇ ಎತ್ತಿಕೊಂಡು ಹೋಗಬೇಕು.

ಪ್ರಭಂಜನ: ಪ್ರಸ್ಥಾನಕ್ಕ ಒಂದು ಪಂಚಿ ಇಡಬೇಕು, ಒಂದು ತೆಂಗಿನಕಾಯಿ ಇಡಬೇಕು. ಪಾಸ್‌ಪೋರ್ಟ್ ಯಾರರೆ ಇಡ್ತಾರೇನಮ್ಮ?

ಭೀಮಾಬಾಯಿ: ನಿಮ್ಮಪ್ಪ ಕಾಶಿಗೆ ಹೋಗೋಮುಂದ ಪಂಚಿ, ತಂಬಿಗಿ ಇಟ್ಟಿದ್ದೆ. ಅವು ಇಲ್ಲದ ಅವರು ಹೊಸ್ತಿಲ ದಾಟ್ತಿದ್ದಿಲ್ಲ. ನೀ ಪಂಚಿ ಉಡ್ತೀ ಏನು? ಯಾವುದು ಇಲ್ಲದಿದ್ರ ನಿನಗ ಹೋಗಲಿಕ್ಕೇ ಬರೂದಿಲ್ಲೋ ಅದನ್ನ ಇಟ್ಟೀನಿ.

ಶ್ರೀಲಕ್ಷ್ಮೀ: ಅತ್ತಿ ಮಾತು ಖರೇ ಅದರಿ.

ಪ್ರಭಂಜನ: ನೀ ಸುಮ್ಮನಿರು.

ಶ್ರೀಲಕ್ಷ್ಮೀ: ಯಾಕ ಸುಮ್ಮನಿರಬೇಕು? ಟೂರಿನೋರ ಜೋಡಿ ಹೋಗೋಣ ಅಂದೆ. ಅವರೇ ಪಾಸ್‌ಪೋರ್ಟ್ ನೋಡ್ಕೋತಿದ್ರು, ಹೊತ್ತಿಗೆ ಸರಿಯಾಗಿ ಅನ್ನ-ಸಾರು ಹಾಕ್ತಿದ್ರು. ನೀವೇ ಅಲ್ಲೇನು, ‘ನಮ್ಮ ಗಾಡಿ, ನಮ್ಮ ದಾರಿ, ಯಾರ ಹಂಗೂ ಬ್ಯಾಡ’ ಅಂತ ಎದಿ ಉಬ್ಬಿಸಿದವರು?

ಪ್ರಭಂಜನ ಚಪ್ಪಲಿ ಮೆಟ್ಟಿಕೊಂಡ.

ಭೀಮಾಬಾಯಿ: ತರಬ್ಯಾಡ ಲೇ! ತಂದ್ರ ಪ್ರಯಾಣ ಮುರೀತು.

ಪ್ರಭಂಜನ: ತರೂದಿಲ್ಲ. ಕಣ್ಣಿಲೆ ನೋಡಿ ಬರ್ತೀನಿ. ನೋಡಲಿಕ್ಕೂ ಪಂಚಾಂಗ ಕೇಳಬೇಕೇನು?

ಕೇಳುವ ಅಗತ್ಯ ಬೀಳಲಿಲ್ಲ. ಓಣಿಯ ಕೊನೆಯ ಮನೆಯ ತಾಯಕ್ಕನೇ ಬಾಗಿಲಲ್ಲಿ ನಿಂತಿದ್ದಳು, ಊರಿಗೆ ಹೊರಟವರನ್ನು ಮಾತಾಡಿಸಿಕೊಂಡು ಹೋಗಲು.

ಪ್ರಭಂಜನ: ಬರ್ರಿ ತಾಯಕ್ಕ, ಕುಂದ್ರಿ. ಗಂಟು ಹುಷಾರದನಲ್ಲ?

ತಾಯಕ್ಕ: ಹುಷಾರೈತ್ರಿ ಸರ. ಆದ್ರ ನಮ್ಮ ಮನ್ಯಾಗ ಇಲ್ರಿ.

ಪ್ರಭಂಜನ: ಆಂ?

ತಾಯಕ್ಕ: ಪ್ರಸ್ಥಾನ ಒಂದ ಕಡಿ ಭಾಳ ದಿನ ನಿಲ್ಲಬಾರದ್ರಿ. ನಿಂತ್ರ ಹಿಂದಕ ಎಳೀತೈತಿ. ನಮ್ಮಳಿಯ ವೀರೇಶ ಬಂದಿದ್ದ, ಅವನ ಕೈಯಾಗ ಕಂಪ್ಲಿಗೆ ದಾಟಿಸೀನಿ.

ಪ್ರಭಂಜನ: ಕಂಪ್ಲಿಗೆ! ಬೆಂಗಳೂರು ದಕ್ಷಿಣಕ್ಕದರಿ ತಾಯಕ್ಕ, ಕಂಪ್ಲಿ ಉತ್ತರಕ್ಕದ!

ತಾಯಕ್ಕ: ನಿಮಗ ಭೂಗೋಳ ಗೊತ್ತೈತ್ರಿ. ನನಗ ನಮ್ಮಳಿಯ ಗೊತ್ತದಾನ.

ಪ್ರಭಂಜನ ಕಂಪ್ಲಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ವೀರೇಶನದು ಅಕ್ಕಿ ಗಿರಣಿ. ಮಷೀನಿನ ಸದ್ದಿನಲ್ಲಿ ಅವನು ಕೂಗಿಯೇ ಮಾತಾಡಬೇಕಾಯಿತು.

ವೀರೇಶ್: ನಮಸ್ಕಾರ್ರಿ ಸರ! ಗಂಟೇನ್ರಿ? ನಮ್ಮವ್ವ ನೋಡಿ ಬೈದ್ಲ್ರಿ. ‘ದಕ್ಷಿಣಕ್ಕ ಹೋಗೋ ಮಂದಿ ಗಂಟು ಉತ್ತರಕ್ಕ ಯಾಕ ತಂದೀ ಲೇ’ ಅಂತ. ಜಲ್ದಿ ತಿರುಗಿಸಿ ಸಂಡೂರಿಗೆ ಕಳಿಸೀವ್ರಿ, ನಮ್ಮ ಜಂಬುನಾಥನ ಕಡಿ.

ಶ್ರೀಲಕ್ಷ್ಮೀ: ನೋಡ್ರಿ, ಅವರವ್ವಗೂ ಭೂಗೋಳ ಬರ್ತದ.

ವೀರೇಶ್: ಬರೇ ಗಂಟು ದಾಟಸಬಾರದು ಅಂತ ಒಂದು ಚೀಲ ಸೋನಾಮಸೂರಿ ಕಟ್ಟೀವ್ರಿ ಸರ. ಹೊಸ ಅಕ್ಕಿ ಅಲ್ರಿ, ಹಳೇದು. ಅನ್ನ ಉದುರುದುರು ಆಗತೈತಿ.

ತಾಯಕ್ಕ: ನಾನೂ ಶೇಂಗಾ ಚಟ್ನಿಪುಡಿ ಹಾಕಿದ್ದೆ ತಗೋರಿ.

ಪ್ರಭಂಜನ: ಅಯ್ಯೋ, ಅಲ್ಲಿ ವಿಮಾನ ಇಳಿದಕೂಡಲೇ ಚೀಲ ಜಾಲಾಡ್ತಾರ್ರಿ! ಹೇಳದ ಒಯ್ದ್ರ ತಿನ್ನೋ ಸಾಮಾನಿಗೆ ದಂಡ ಹಾಕ್ತಾರ!

ಭೀಮಾಬಾಯಿ: ಅನ್ನಕ್ಕ ದಂಡ ಹಾಕೋ ದೇಶಾನೇ ಹುಡುಕಿ ಹುಡುಕಿ ತಗದೀ ನೋಡು.

ಸಂಡೂರಿನ ಜಂಬುನಾಥ್ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದವನು. ಅವನ ಫೋನು ಬಂದ್ ಆಗಿತ್ತು. ಪ್ರಭಂಜನ ಮತ್ತೆ ಹಚ್ಚಿದ, ಮತ್ತೆ ಬಂದ್. ಸೂಟ್‌ಕೇಸುಗಳ ನಡುವೆ ಅಡ್ಡಾಡಿ ಎರಡು ಕಡೆ ಎಡವಿದ. ಅವನ ಸಹನೆಯ ಕಟ್ಟೆ ಒಡೆಯಿತು.

ಪ್ರಭಂಜನ: ಅಮ್ಮ, ಒಂದು ಮಾತು ಹೇಳಿಬಿಡು. ನಿನಗ ಬರೋ ಮನಸ್ಸಿಲ್ಲ ಹೌದಲ್ಲೋ? ಬಾಯಿಬಿಟ್ಟು ‘ಒಲ್ಲೆ’ ಅನ್ನಲಿಕ್ಕೆ ಆಗದ ಈ ಗಂಟಿನ ನೆವ ತಗದೀದಿ.

ಭೀಮಾಬಾಯಿಯ ಕೈಯಲ್ಲಿದ್ದ ಬತ್ತಿ ಅಲ್ಲಿಗೇ ನಿಂತಿತು. ಶ್ರೀಲಕ್ಷ್ಮೀ ಗಂಡನನ್ನು ಕೆಕ್ಕರಿಸಿ ನೋಡಿದಳು. ತಾಯಕ್ಕ ತಾನಿಲ್ಲಿ ಇಲ್ಲವೇ ಇಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು.

ಭೀಮಾಬಾಯಿ: ಮನಸ್ಸಿಲ್ಲ ಅಂದ್ಯಾ? ಈ ವಯಸ್ಸಿನ ತನಕ ಮಂತ್ರಾಲಯ ದಾಟಿ ಹೋಗಿಲ್ಲ ನಾನು. ನಿಮ್ಮಪ್ಪ ಕಾಶಿಗೆ ಹೋದಾಗ ಮನಿ ಕಾಯ್ದೆ. ಹಂಪಿ ಬಜಾರದಾಗ ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಬರ್ತಾರ, ನನ್ನಷ್ಟು ವಯಸ್ಸಾದವರೂ ಬರ್ತಾರ, ಚೀಲ ಬೆನ್ನಿಗೆ ಹಾಕ್ಕೊಂಡು ನಮ್ಮ ಕಲ್ಲು ನೋಡಿ ಹಿಗ್ಗತಾರ. ನಾನೂ ಒಂದು ಸಲ ಅವರೂರಿಗೆ ಹೋಗಿ ಅವರ ಗುಡ್ಡ ನೋಡಬೇಕು ಅಂತ ಎಷ್ಟು ಆಸಿ ಅದನೋ ನನಗ! ಅಡ್ಡಿ ಬರಬಾರದು ಅಂತ ಗಂಟು ಇಟ್ಟೆ. ಅಡ್ಡಿ ಹಾಕಲಿಕ್ಕೆ ಅಲ್ಲ.

ಪ್ರಭಂಜನ ಚಪ್ಪಲಿ ಬಿಚ್ಚಿ ತಾಯಿಯ ಪಕ್ಕದಲ್ಲಿ ಕೂತ. ಒಂದು ವರ್ಷ ನಕ್ಷೆಯ ಮುಂದೆ ಕೂತವನು ತಾಯಿಯ ಆಸೆಯನ್ನು ಒಂದು ದಿನವೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಪ್ರಭಂಜನ: ತಪ್ಪಾತಮ್ಮ.

ಭೀಮಾಬಾಯಿ: ತಪ್ಪು ಆಮ್ಯಾಲೆ ಒಪ್ಪಕೊಳ್ಳುವಂತಿ. ಮೊದಲು ಆ ಜಂಬುನಾಥನ್ನ ಹುಡುಕು. ಗಂಟು ಸಿಗಲಿಲ್ಲಂದ್ರ ನಿನ್ನ ಬಿಡೂದಿಲ್ಲ ನಾನು.

ಶ್ರೀಲಕ್ಷ್ಮೀ: ಕಳಿಸಿದವರು ನೀವು, ಬೈಸ್ಕೊಳ್ಳೋರು ಇವರು. ಭಾಳ ಚಲೋ ಆತು.

ಅಷ್ಟರಲ್ಲಿ ಫೋನು ರಿಂಗಣಿಸಿತು. ಪ್ರಭಂಜನ ಎತ್ತುವ ಮೊದಲೇ ಭೀಮಾಬಾಯಿ ಕಸಿದುಕೊಂಡರು. ಜಂಬುನಾಥನೇ. ಸ್ಪೀಕರಿನಲ್ಲಿ ಅವನ ಮಾತು ಎಲ್ಲರಿಗೂ ಕೇಳಿಸಿತು.

ಜಂಬುನಾಥ್: ಮೀಟಿಂಗಿನಾಗ ಇದ್ದೆ, ಫೋನ್ ಬಂದ್ ಇಟ್ಟಿದ್ದೆ. ಬೆಂಗಳೂರಾಗ ಅದೀನಿ.

ಪ್ರಭಂಜನ: ಗಂಟು? ಗಂಟು ಸಂಡೂರಾಗ ಬಿಟ್ಟು ಹೋದ್ರೇನ್ರಿ?

ಜಂಬುನಾಥ್: ಹೆಂಗ ಬಿಡ್ಲಿರಿ? ಪ್ರಸ್ಥಾನ ಮುಂದಕ ಹೋಗಬೇಕಲ್ರಿ. ಹೆಂಗೂ ಬರಾಕತ್ತಿದ್ದೆ, ಜೋಡಿ ತಂದೆ. ಏರ್‌ಪೋರ್ಟ್ ದಾರ್ಯಾಗ, ಯಲಹಂಕದಾಗ, ನಮ್ಮಕ್ಕನ ಮನಿ ಐತ್ರಿ. ದೇವರ ಮುಂದ ಇಟ್ಟೀನಿ. ಮೂರೂ ಪಾಸ್‌ಪೋರ್ಟ್ ನೋಡೀನ್ರಿ. ನಾಳೆ ಮಧ್ಯಾಹ್ನ ನಿಮ್ಮ ಊಟ ಅಲ್ಲೇ. ಆ ಅಕ್ಕಿ, ಆ ಚಟ್ನಿಪುಡಿ ನಮ್ಮಕ್ಕ ಒಲಿ ಹತ್ರ ಇಟ್ಕೊಂಡಾಳ. ದಂಡ ಗಿಂಡ ಬರೂದಿಲ್ಲ.

ಪಡಸಾಲೆಯಲ್ಲಿ ಎಲ್ಲರಿಗೂ ಒಟ್ಟಿಗೇ ನಗು ಬಂತು. ತಾಯಕ್ಕ ಕ್ಯಾಲೆಂಡರ್ ಬಿಟ್ಟು ತಿರುಗಿದಳು.

ತಾಯಕ್ಕ: ನಾ ಹೇಳಲಿಲ್ಲೇನ್ರಿ, ನಮ್ಮಳಿಯ ಗೊತ್ತದಾನ ಅಂತ?

ಶ್ರೀಲಕ್ಷ್ಮೀ: ಯಾರ ಹಂಗೂ ಬ್ಯಾಡ ಅಂದಿದ್ರಿ. ಕಂಪ್ಲಿಯೋರು ಹೊತ್ತಾರ, ಸಂಡೂರಿನೋರು ಹೊತ್ತಾರ, ಯಲಹಂಕದೋರು ಅನ್ನಕ್ಕ ಎಸರು ಇಡ್ತಾರ. ಇನ್ನ ನೀವು ಮಾಡೂದೇನು ಉಳೀತು?

ಪ್ರಭಂಜನ: ಅಮ್ಮ, ಕೈ ಮುಗೀತೀನಿ. ಆ ಯಲಹಂಕದ ಅಕ್ಕಗ ಒಂದು ಮಾತು ಹೇಳು. ನಾವು ಬರೋ ತನಕ ಆ ಗಂಟು ಮತ್ತ ಮುಂದಕ ಯಾರ ಮನಿಗೂ ದಾಟಸಬ್ಯಾಡ್ರಿ ಅಂತ.

ಭೀಮಾಬಾಯಿ: ಯಾರ ಮನಿಗೆ ದಾಟಸ್ತಾರೋ? ಅಲ್ಲಿಂದ ಮುಂದ ನಮ್ಮವರು ಅನ್ನೋರು ಒಬ್ಬರೂ ಇಲ್ಲ. ಅದಕ್ಕ, ಅಲ್ಲಿಂದ ಮುಂದ ಗಾಡಿ ನೀ ಹೊಡಿ.