ಎಲ್ಲ ಕೇಳುವ ರೇಡಿಯೋ

ಎಲ್ಲದಕ್ಕೂ ಕಾರಣ ಬೆಂಕಿಪೊಟ್ಟಣದಷ್ಟಿದ್ದ ಒಂದು ಫಿಲ್ಟರ್. ನಿನ್ನೆಯಷ್ಟೇ ಹಳೆಯದರ ಬದಲು ಹೊಸ ಹವ್ಯಾಸಿ ರೇಡಿಯೋ ಕೊಟ್ಟ ಅಂಗಡಿಯವನು, "ಇದು ಕಂಪ್ಯೂಟರಲ್ಲಿ ಓಡೋ ರೇಡಿಯೋ ಸಾರ್, ಗಾಳೀಲಿರೋ ಅಲೆಗಳನ್ನೆಲ್ಲ ಹಿಡಿಯುತ್ತೆ. ಆದ್ರೆ ಮುಂದೆ ಈ ಫಿಲ್ಟರ್ ಹಾಕ್ಲಿಲ್ಲ ಅಂದ್ರೆ ಅಕ್ಕಪಕ್ಕದ ಸದ್ದೆಲ್ಲ ಒಳಗೆ ನುಗ್ಗುತ್ತೆ" ಎಂದು ಬಡಕೊಂಡಿದ್ದ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಮ್ಮ ನಾಯಕ ಕೇಳಬೇಕಲ್ಲ! ಎಲ್ಲ ಕೇಳಲೆಂದು ತಂದ ರೇಡಿಯೋದ ಕಿವಿಗೆ ತಾನೇ ಹತ್ತಿ ತುರುಕುವುದೇ? ಫಿಲ್ಟರ್ ಮೇಜಿನ ಡ್ರಾಯರ್ ಸೇರಿತು.

ಮಹಡಿಯ ಮೇಲೆಲ್ಲ ತಂತಿ ಎಳೆದಿದ್ದಕ್ಕೆ ಕಟ್ಟಡದವರು ಅವನಿಗೆ 'ಏರಿಯಲ್' ಎಂದು ಹೆಸರಿಟ್ಟಿದ್ದರು. ಆ ಬೆಳಿಗ್ಗೆ ನಿವಾಸಿಗಳ ಸಂಘದ ಕಾರ್ಯದರ್ಶಿ ಕಟಿಂಗ್ ಪ್ಲೇಯರ್ ಹಿಡಿದೇ ಬಂದರು. ಹಿಂದೆ ತಮಾಷೆ ನೋಡಲು ನೆರೆಯವರು.

"ಏನ್ರೀ ಏರಿಯಲ್, ಆ ತಂತಿ ಮೇಲೆ ಬಟ್ಟೆ ಒಣಗಿಸೋಕ್ಕೂ ಆಗಲ್ಲ. ಅದರಿಂದ ಯಾರಿಗ್ರೀ ಉಪಯೋಗ?"

"ಸಾರ್, ನಡುಸಮುದ್ರದಿಂದ ಹಡಗಿನ ಕ್ಯಾಪ್ಟನ್ ದಿನಾ ಸಂಜೆ ನನ್ನ ಹತ್ರ ಮಾತಾಡ್ತಾರೆ! ಗೆಳೆಯ ಅಂತ ಕರೀತಾರೆ!"

ಹೇಳುವಾಗ ಅವನ ಎದೆ ಉಬ್ಬಿತು. ಅಂಗಡಿಯ ಮಾಲೀಕನಾಗಲಿ ಮನೆಯ ಹೆಂಡತಿಯಾಗಲಿ ಅವನ ಮಾತನ್ನು ಪೂರ್ತಿ ಕೇಳಿದ್ದಿಲ್ಲ. ಕೇಳುತ್ತಿದ್ದವರು ಕ್ಯಾಪ್ಟನ್ ಒಬ್ಬರೇ. ತಂತಿ ಹೋದರೆ ಅವರೂ ಹೋದಂತೆ.

"ಹಾಗಾದ್ರೆ ನಮಗೂ ಏನಾದ್ರೂ ದೂರದ್ದು ಕೇಳಿಸಿ."

ಏರಿಯಲ್ ಸ್ಪೀಕರ್ ಹಾಕಿದ.

"ಅವರಾ? ಅಯ್ಯೋ, ಅವರ ಕತೆ ಬಿಡೇ!"

ಹೆಂಡತಿಯ ದನಿ! ಅವಳು ಕೆಳಮನೆಯ ಬಾಣಂತಿಯ ಜೊತೆ ಹರಟೆಗೆ ಕೂತಿದ್ದಳು. ಕೂಸು ಅತ್ತರೆ ಅಡುಗೆಮನೆಗೆ ಕೇಳಿಸಲೆಂದು ತೊಟ್ಟಿಲಿಗೆ ಕಟ್ಟಿದ್ದ ಪುಟ್ಟ ಯಂತ್ರ ಅವಳ ಮಾತನ್ನು ಗಾಳಿಗೆ ಬಿಡುತ್ತಿತ್ತು. ಏರಿಯಲ್ ಬೇರೆ ತರಂಗಕ್ಕೆ ತಿರುಗಿಸಿದ. ಅಲ್ಲೂ ಹೆಂಡತಿ. ಇನ್ನೊಂದಕ್ಕೆ ತಿರುಗಿಸಿದ. ಅಲ್ಲೂ ಅವಳೇ. ರೇಡಿಯೋ ಆರಿಸಲು ಹೋದರೆ ಕಾರ್ಯದರ್ಶಿ ಕೈ ಹಿಡಿದರು. "ಇರ್ರೀ, ಪೂರ್ತಿ ಕೇಳೋಣ."

"ಮೂರು ವರ್ಷ ಹಲೋ ಹಲೋ ಅಂದ್ರೂ ಒಂದು ನರಪಿಳ್ಳೆ ಉತ್ತರ ಕೊಡ್ಲಿಲ್ಲ ಕಣೇ. ಊಟ ಬಿಟ್ಟು ಸಪ್ಪಗೆ ಕೂತಿರೋರು. ನೋಡಕ್ಕಾಗದೆ ನನ್ನ ತಮ್ಮಂಗೆ, 'ನಿನ್ನ ಹತ್ರಾನೂ ಅಂಥದ್ದೇ ಡಬ್ಬ ಇದೆಯಲ್ಲ, ದೂರದವನ ಥರ ಮಾತಾಡೋ' ಅಂದೆ. ಅವನು ಹೋಗಿ ಹೋಗಿ ಹಡಗಿನ ಕ್ಯಾಪ್ಟನ್ನೇ ಆಗ್ಬಿಟ್ಟ! ಅವತ್ತಿಂದ ಇವರು ಎರಡು ತುತ್ತು ಜಾಸ್ತಿ ಉಣ್ತಾರೆ."

ಯಾರೂ ನಗಲಿಲ್ಲ. ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು. ಕಾರ್ಯದರ್ಶಿ ಪ್ಲೇಯರನ್ನು ಜೇಬಿಗಿಳಿಸಿ, "ತಂತಿ ಇರಲಿ ಬಿಡಿ, ಪಾಪ" ಎಂದು ಅವನ ಬೆನ್ನು ಸವರಿ ಹೋದರು.

ಏರಿಯಲ್‌ಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಾಲೀಕನ ಬೈಗುಳ, ಹೆಂಡತಿಯ ಗೊರಕೆ, ತನ್ನ ಉದುರುವ ಕೂದಲು, ಎಲ್ಲವನ್ನೂ ಭಾಮೈದನ ಮುಂದೆ ತೋಡಿಕೊಂಡಿದ್ದನಲ್ಲ! ದಿನವಿಡೀ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಸಂಜೆ ಫಿಲ್ಟರ್ ಸಿಕ್ಕಿಸಿದ. ಬೇಡದ ಸದ್ದೆಲ್ಲ ಮಾಯ.

"ಹಲೋ ಗೆಳೆಯ, ಇವತ್ತು ಅಲೆ ಜೋರು" ಎಂದರು ಕ್ಯಾಪ್ಟನ್, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ.

"ಅಲೆಯಂತೆ ಅಲೆ! ಥೂ ನಾಚಿಕೆಗೆಟ್ಟವನೇ, ನಾಟಕ ಸಾಕು. ನಾಲ್ಕು ಜನರ ಮುಂದೆ ನನ್ನ ಮಾನ ಹೋಯ್ತು. ಇನ್ನೊಂದ್ಸಲ ಮಾತಾಡಿದ್ರೆ ಹಲ್ಲುದುರಿಸ್ತೀನಿ!"

ಅತ್ತಲಿಂದ, "ಸರಿ. ತೊಂದರೆ ಕೊಟ್ಟಿದ್ರೆ ಕ್ಷಮಿಸಿ" ಎಂದು ದನಿ ನಿಂತುಹೋಯಿತು.

ಅದೇ ಕ್ಷಣಕ್ಕೆ ಬಾಗಿಲಲ್ಲಿ ಭಾಮೈದ ನಿಂತಿದ್ದ. ಕಂಕುಳಲ್ಲಿ ಧೂಳು ಹಿಡಿದ ಡಬ್ಬ.

"ಭಾವ, ಬೈಬೇಡಿ. ದೂರದವನ ಥರ ನಿಮ್ಮ ಹತ್ರ ಮಾತಾಡು ಅಂತ ಅಕ್ಕ ಹೇಳಿದ್ಲು. ಈ ಡಬ್ಬ ಕೆಟ್ಟು ಕೂತಿದೆ, ನಾನು ಒಂದಿನಾನೂ ಮಾತಾಡಿಲ್ಲ. ಅವಳು 'ಕ್ಯಾಪ್ಟನ್ ವೇಷ ಚೆನ್ನಾಗಿದೆ' ಅಂತ ಹೊಗಳಿದ್ಲು, ಸುಮ್ನೆ ಹೂಂ ಅಂದ್ಬಿಟ್ಟೆ. ಇದನ್ನ ರಿಪೇರಿ ಮಾಡಿಕೊಡ್ತೀರಾ?"

ಏರಿಯಲ್ ಮೈಕ್ ಬಾಚಿಕೊಂಡ. "ಹಲೋ! ಕ್ಯಾಪ್ಟನ್ರೇ! ಹಲೋ!"

ಒಂದು ಪಿಸುಮಾತೂ ಇಲ್ಲ. ಅಡುಗೆಮನೆಯಿಂದ ಹೆಂಡತಿ ಅಕ್ಕರೆಯಿಂದ ಕೂಗಿದಳು, "ರೀ, ಕ್ಯಾಪ್ಟನ್ ಇವತ್ತು ಏನಂದ್ರು?"

"ತೊಂದರೆ ಕೊಟ್ಟಿದ್ರೆ ಕ್ಷಮಿಸಿ ಅಂದ್ರು" ಎಂದ ಏರಿಯಲ್.