ಅತ್ತೆಯ ಕಂಠಕ್ಕೆ ನಾನೊತ್ತಿದ ಮುದ್ರೆ

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿಯನ್ನೂ ಬಿಟ್ಟುಕೊಟ್ಟವನಲ್ಲ. ಇಂಥ ನನಗೆ ಮನೆಯಲ್ಲಿ ಮಾತ್ರ ಮೂರು ಕಾಸಿನ ಬೆಲೆಯಿಲ್ಲ. ಅದರಲ್ಲೂ ನಮ್ಮ ಜೊತೆಗೇ ಇರುವ ಅತ್ತೆ, ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿದ ದಾಖಲೆ ಎಲ್ಲೂ ಸಿಗುವುದಿಲ್ಲ.

ಅವರಿಗೆ ಎಪ್ಪತ್ತು ತುಂಬುವ ದಿನ ಆ ಮಾತನ್ನು ಹೊರಡಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. ಹದಿನೆಂಟರ ಹರೆಯದಲ್ಲಿ ಅವರು ಹಾಡಿದ್ದ ಗ್ರಾಮಫೋನ್ ತಟ್ಟೆಯೊಂದು ಕಪಾಟಿನಲ್ಲಿತ್ತು. ಅದನ್ನು ನುಡಿಸುವ ಪೆಟ್ಟಿಗೆ ಕೆಟ್ಟು ಮೂವತ್ತು ವರ್ಷ. "ಕಣ್ಮುಚ್ಚೋದ್ರೊಳಗೆ ಒಂದ್ಸಲ ಆ ಕಂಠ ಕೇಳ್ಬೇಕು" ಎಂದು ಆಗಾಗ ಹಲುಬುತ್ತಿದ್ದರು.

ಗೆಳೆಯನ ಪೆಟ್ಟಿಗೆ ಎರವಲು ತಂದು ಹಾಡನ್ನು ಕಂಪ್ಯೂಟರಿಗೆ ಇಳಿಸಿದೆ. ಕಂಪ್ಯೂಟರ್ ಸೆಕೆಂಡಿಗೆ ಇಷ್ಟು ಸಾವಿರ ಸಲ ಎಂದು ದನಿಯನ್ನು ಅಳೆದು ಬರೆದುಕೊಳ್ಳುತ್ತದೆ. ನುಡಿಸುವಾಗಲೂ ಅದೇ ಲೆಕ್ಕದಲ್ಲಿ ಓದಬೇಕು. ಲೆಕ್ಕ ಏರಿಸಿದರೆ ಸ್ವರವೂ ಏರುತ್ತದೆ. (ಇದನ್ನು ಹೇಳಿಕೊಟ್ಟವಳು ಹೆಂಡತಿ. ಹೊರಗೆಲ್ಲ ನಾನೇ ಕಂಡುಹಿಡಿದೆ ಎಂದಿದ್ದೇನೆ.)

ಬರೆದದ್ದು ನಲವತ್ನಾಲ್ಕು ಸಾವಿರದ ನೂರರಲ್ಲಿ. ನುಡಿಸಿದರೆ ಯಾವಳೋ ಮೆಲುದನಿಯ ಹುಡುಗಿ ಹಾಡುತ್ತಿದ್ದಾಳೆ.

"ಇದು ಅತ್ತೆ ಅಲ್ಲ. ಎಲ್ಲೋ ಲೆಕ್ಕ ತಪ್ಪಿದೆ" ಎಂದೆ.

"ರೀ, ಬರ್ದಿದ್ದೂ ಓದ್ತಿರೋದೂ ಒಂದೇ ಸಂಖ್ಯೆ ತಾನೆ? ಸುಮ್ನೆ ಮುಟ್ಬೇಡಿ" ಎಂದಳು ಹೆಂಡತಿ.

"ಅಷ್ಟೇ ಸಾಲ್ದು ಕಣೆ. ತಕ್ಕಡಿ ನಂಬೋಕ್ಮುಂಚೆ ಅಸಲಿ ತೂಕದ ಕಲ್ಲಿಟ್ಟು ನೋಡ್ಬೇಕು."

"ಆ ಕಲ್ಲು ಎಲ್ಲಿಂದ ತರ್ತೀರಿ?"

ಕಲ್ಲು ಅಡುಗೆಮನೆಯಲ್ಲೇ ಇತ್ತು. "ಅಳಿಯಂದ್ರೇ, ಒದ್ದೆ ಟವಲ್ ಮತ್ತೆ ಕುರ್ಚಿ ಮೇಲೇ ಹಾಕಿದೀರಲ್ಲ" ಎಂದು ಅಲ್ಲಿಂದ ಕೇಳಿಬಂತು. ನನ್ನ ಮದುವೆಯಾದ ಈ ಹದಿನೆಂಟು ವರ್ಷದಿಂದ ಎಳೆಯಷ್ಟೂ ಕದಲದ ಸ್ವರ. ನಾನು ಓದುವ ಸಂಖ್ಯೆಯನ್ನು ನಲವತ್ತೆಂಟು ಸಾವಿರಕ್ಕೆ ಏರಿಸಿದೆ. ಖಾತ್ರಿಗಾಗಿ ಟವಲನ್ನು ಇನ್ನೊಮ್ಮೆ ಕುರ್ಚಿಯ ಮೇಲೆ ಹಾಕಿಯೂ ನೋಡಿದೆ. ತಟ್ಟೆಯ ದನಿಗೂ ಅಡುಗೆಮನೆಯ ದನಿಗೂ ಕೂದಲೆಳೆಯ ಅಂತರವಿರಲಿಲ್ಲ. ಮನಸ್ಸಿನಲ್ಲೇ ಮುದ್ರೆ ಒತ್ತಿದೆ.

ಅತ್ತೆಗೆ ಎಪ್ಪತ್ತು ತುಂಬಿದ ದಿನ ಬಂಧುಬಳಗವೆಲ್ಲ ಪಡಸಾಲೆಯಲ್ಲಿ ನೆರೆದಿತ್ತು. ನಾನು ಗುಂಡಿ ಒತ್ತಿದೆ. ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹಾಡು ಕೀರಲಾಗಿ ಓಡಿತು. ಬಂದವರು ನಗು ತಡೆಯಲು ಕೆಮ್ಮಿದರು. ಅತ್ತೆಯ ಮುಖ ಇಷ್ಟೇ ಇಷ್ಟಾಯಿತು.

"ಇದು ನನ್ನ ಕಂಠ ಅಲ್ಲ. ತಟ್ಟೇನೂ ಹಾಳಾಯ್ತು ಅನ್ಸತ್ತೆ" ಎಂದು ಎದ್ದು ಒಳಗೆ ಹೊರಟರು. ಬೈಯಲೂ ಇಲ್ಲ. ಅವರು ಬೈಯದೆ ಹೋದದ್ದು ಇದೇ ಮೊದಲು.

ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿ ಹಳೆಯ ಸಂಖ್ಯೆಯನ್ನೇ ಹಾಕಿದಳು. ಆ ಮೆಲುದನಿ ಪಡಸಾಲೆಯನ್ನೆಲ್ಲ ತುಂಬಿತು. ಅತ್ತೆ ಬಾಗಿಲಲ್ಲೇ ನಿಂತರು, ಆಮೇಲೆ ಮೆಲ್ಲಗೆ ಬಂದು ಕೂತು ಹಾಡು ಮುಗಿಯುವವರೆಗೂ ಕಣ್ಣೊರೆಸಿಕೊಂಡರು.

"ನಿಜವಾಗ್ಲೂ ಇದು ನೀವೇನಾ, ಅತ್ತೆ? ಇಷ್ಟು ಮೆತ್ತಗಿತ್ತಾ ನಿಮ್ಮ ದನಿ?" ನಾನು ತಡೆಯಲಾರದೆ ಕೇಳಿಬಿಟ್ಟೆ.

"ಇತ್ತು" ಎಂದರು ಅತ್ತೆ. "ಆಗಿನ್ನೂ ನನಗೆ ಅಳಿಯ ಬಂದಿರ್ಲಿಲ್ಲ."